ಸೀಸನ್ನಿಂದ ಹೊರಗೆ

ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ಆಡಿದವರಿಗೆಲ್ಲ ಈಗ ಅರುವತ್ತು ದಾಟಿತ್ತು. ಮೈದಾನಕ್ಕಿಳಿಯುವ ಕಾಲ ಮುಗಿದ ಮೇಲೆ ಗೆಳೆಯ ಲ್ಯಾನ್ಸಿ ಅವರಿಗಾಗಿ ಕಂಪ್ಯೂಟರಿನಲ್ಲಿ ಒಂದು ಆಟ ಹೂಡಿದ. ಆಟಗಾರರ ಹೆಸರೆಲ್ಲ ಅವರದೇ. ಒಬ್ಬೊಬ್ಬರೂ ತಮಗೆ ಬೇಕಾದವರನ್ನು ಆರಿಸಿ ತಂಡ ಕಟ್ಟುತ್ತಿದ್ದರು. ಪ್ರತಿ ಭಾನುವಾರ ಕಂಪ್ಯೂಟರೇ ಪಂದ್ಯಗಳನ್ನು ಆಡಿಸುತ್ತಿತ್ತು. ಯಾರು ಗೋಲು ಹೊಡೆದರು, ಯಾರು ಗಾಯಗೊಂಡು ಬಿದ್ದರು ಎಂಬುದನ್ನು ಲ್ಯಾನ್ಸಿ ವಾಟ್ಸ್‌ಆ್ಯಪಿನಲ್ಲಿ ತಿಳಿಸುತ್ತಿದ್ದ.

‘ಹಮೀದನಿಗೆ ಗಾಯ, ಸೀಸನ್ನಿಂದ ಹೊರಗೆ’ ಎಂದು ಬಂದಾಗ ಎಲ್ಲರೂ ನಕ್ಕರು. ಹಮೀದನೂ ನಕ್ಕ. ತಿಂಗಳೊಳಗೆ ಅವನನ್ನು ಮಣ್ಣು ಮಾಡಿ ಬಂದರು. ಆಮೇಲೆ ದೇಜಪ್ಪನ ಹೆಸರಿಗೂ ಹಾಗೇ ಬಂತು. ದೇಜಪ್ಪನೂ ಉಳಿಯಲಿಲ್ಲ.

ಈ ಭಾನುವಾರ ಬಂದದ್ದು ಪುರಂದರನ ಹೆಸರು. ಅವನು ಊಟವನ್ನು ಅರ್ಧಕ್ಕೇ ಬಿಟ್ಟು ಜಗಲಿಗೆ ಬಂದು ಫೋನ್ ಮಾಡಿದ.

“ಲ್ಯಾನ್ಸಿ, ನನ್ನ ಹೆಸರು ತೆಗಿ ಮಾರಾಯ. ನಿನ್ನ ಕಂಪ್ಯೂಟರಿಗೆ ಎಂತದೋ ಭೂತ ಹಿಡಿದಿದೆ.”

“ಗಾಯ ಹಾಕುವುದು ಕಂಪ್ಯೂಟರ್ ಅಲ್ಲ, ಪುರಂದರ. ನಾನು.”

“ನೀನಾ? ಎಂತಕ್ಕೆ?”

“ಹಮೀದನ ಮಗ ಕೇಳಿಕೊಂಡಿದ್ದ. ದೇಜಪ್ಪನ ಮಗಳೂ ಕೇಳಿಕೊಂಡಳು. ಡಾಕ್ಟ್ರು ಹೇಳಿದ್ದನ್ನು ಅಪ್ಪನಿಗೆ ಹೇಳಲಿಕ್ಕೆ ನಮ್ಮಿಂದ ಆಗುದಿಲ್ಲ, ನೀವೇ ಹೇಗಾದರೂ ತಿಳಿಸಿ ಅಂತ. ನನಗೂ ಬಾಯಿಬಿಟ್ಟು ಹೇಳಲಿಕ್ಕೆ ಆಗಲಿಲ್ಲ.”

“ನನ್ನ ಬಗ್ಗೆ ಯಾರು ಕೇಳಿಕೊಂಡದ್ದು?” ಎನ್ನುತ್ತ ಪುರಂದರ ಮನೆಯೊಳಗೆ ತಿರುಗಿ ನೋಡಿದ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು.