ಪಂಜರದಲ್ಲಿದ್ದ ಸಾಕ್ಷಿ

ಕಂಡಕ್ಟರ್ ಪಂಜರಕ್ಕೂ ಟಿಕೆಟ್ ಹರಿದ. ಸೋಮಲಿಂಗ ತಕರಾರು ಮಾಡದೆ ತೆಗೆದುಕೊಂಡ. ಸಾಕ್ಷಿಯನ್ನು ಕರೆದೊಯ್ಯುವವನು ಖರ್ಚಿಗೆ ಅಂಜಬಾರದು.

ಬಸ್ಸು ಪೀರನವಾಡಿ ದಾಟಿ ಖಾನಾಪುರದ ದಾರಿ ಹಿಡಿದಿತ್ತು. ಪಂಜರಕ್ಕೆ ಕರಿ ಬಟ್ಟೆ ಹೊದಿಸಿದ್ದ. ಕತ್ತಲಾದರೆ ಮೈನಾ ಬಾಯಿ ಬಿಡದು. ಪಕ್ಕದಲ್ಲಿ ತಾಯಿ ಸಾತವ್ವ. ಊರಿನಲ್ಲಿ ಹಿರಿಮಗನ ಹತ್ತಿರ ಇರುವವಳು. ಹೇಳಿಕಳಿಸಿ ಕರೆಸಿಕೊಂಡು, ಮನೆಗೂ ಒಯ್ಯದೆ ಬೆಳಗಾವಿ ಬಸ್‌ಸ್ಟ್ಯಾಂಡಿನಿಂದಲೇ ಈ ಬಸ್ಸು ಹತ್ತಿಸಿದ್ದ.

“ಹೊಳ್ಳಿ ಹೋಗೂಣು ನಡಿಯೋ,” ಎಂದಳು ಸಾತವ್ವ. “ಹಕ್ಕಿ ಮಾತ ಕೇಳಿ ಯಾರರೆ ಸಂಸಾರ ಮುರಕೋತಾರೇನು?”

“ಮನಷ್ಯಾ ಸುಳ್ಳ ಹೇಳ್ತಾನಬೇ. ಇದಕ್ಕ ಸುಳ್ಳ ಹೇಳಾಕ ಬರಂಗಿಲ್ಲ. ಕೇಳಿದ್ದಷ್ಟ ಹೇಳತೈತಿ.”

ಅದು ಅವನು ಬಲ್ಲ ವಿಷಯ. ಬೆಳಗಾವಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಅವನು ಕರಡು ತಿದ್ದುವವನು. ಭಾನುವಾರದ ಪುಟದಲ್ಲಿ ‘ಗೊತ್ತಿರಲಿ’ ಎಂಬ ಚೌಕಟ್ಟು ತುಂಬುವವನೂ ಅವನೇ. ತಲೆ ಕಡಿದರೂ ಜಿರಳೆ ದಿನಗಟ್ಟಲೆ ಬದುಕುತ್ತದೆ, ಆಕ್ಟೋಪಸ್ಸಿಗೆ ಮೂರು ಹೃದಯ, ಕಾಡುಮೈನಾ ಎಳವೆಯಲ್ಲಿ ಕೇಳಿದ ದನಿಯನ್ನು ಏರಿಳಿತದ ಸಮೇತ ಒಪ್ಪಿಸುತ್ತದೆ. ಇಂಥವು. ಓದುಗರು ಮೆಚ್ಚುತ್ತಿದ್ದರು. ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಕಡಿಮೆ ಎಂಬ ನಂಬಿಕೆ ಸೋಮಲಿಂಗನಲ್ಲಿ ಬೇರೂರಿತ್ತು.

ಮೈನಾ ಅವನ ಹೆಂಡತಿ ಪ್ರಮಿಳಾಳದು. ಬೇಸಿಗೆಯಲ್ಲಿ ಖಾನಾಪುರದ ತವರಿಗೆ ಹೋದಾಗ ಗೂಡಿನಿಂದ ಬಿದ್ದ ಮರಿ ಸಿಕ್ಕಿತ್ತು. ರಾಮತೀರ್ಥ ನಗರದ ಮನೆಗೆ ತಂದು, ಬಾಳೆಹಣ್ಣು ತಿನ್ನಿಸಿ ಬೆಳೆಸಿದಳು. ಮಳೆಗಾಲದಲ್ಲಿ ಸೋಮಲಿಂಗನಿಗೆ ವಿಷಮಜ್ವರ ಬಂತು. ಮೈಮೇಲೆ ಎಚ್ಚರವಿಲ್ಲದೆ ಮಲಗಿದ. ಆ ದಿನಗಳ ಒಂದು ಎಳೆಯೂ ಅವನ ನೆನಪಿನಲ್ಲಿ ಉಳಿಯಲಿಲ್ಲ. ಎದ್ದು ಕೂತಾಗ ಅವನ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಹಕ್ಕಿಗೆ ರೆಕ್ಕೆ ಬಲಿತಿತ್ತು.

ದಸರೆಯ ಹೊತ್ತಿಗೆ ಒಂದು ಬೆಳಿಗ್ಗೆ ಅದು ಮಾತಾಡಿತು. ಗಂಡಸಿನ ದನಿ. ತೆಳ್ಳಗೆ, ತುಸು ಮೂಗಿನಲ್ಲಿ, ಬೇಡಿಕೊಳ್ಳುವಂತೆ.

“ಪಮ್ಮೀ... ನನ್ನ ಬಿಟ್ಟ ಹೋಗಬ್ಯಾಡ.”

ಪಮ್ಮಿ ಎನ್ನುವುದು ತವರಿನವರಷ್ಟೇ ಕರೆಯುವ ಹೆಸರು. ಸೋಮಲಿಂಗ ಹೆಂಡತಿಯನ್ನು ಹೆಸರು ಹಿಡಿದು ಕೂಗಿದವನೇ ಅಲ್ಲ. ‘ಏ, ಕೇಳಸ್ತೇನು’ ಎಂದರೆ ಮುಗಿಯಿತು.

“ಯಾರ ದನಿ ಅದು?” ಎಂದು ಕೇಳಿದ.

ಪ್ರಮಿಳಾ ನಾಚಿ ನಕ್ಕಳು. “ನಿಮಗ ಗೊತ್ತಿಲ್ಲೇನ್ರಿ?”

ಆ ನಗೆ ಮುಳ್ಳಿನಂತೆ ನಟ್ಟಿತು. ತಾನು ಹೆಣದ ಹಾಗೆ ಬಿದ್ದಿದ್ದಾಗ ದಿನಾ ಮನೆಗೆ ಬಂದು ಹೋದ ಗಂಡಸು ಒಬ್ಬನೇ, ಸಲಾಯಿನ್ ಹಚ್ಚುವ ಕಂಪೌಂಡರ್ ಉಳವಪ್ಪ. ಸೋಮಲಿಂಗ ಅವತ್ತೇ ದವಾಖಾನೆಗೆ ನುಗ್ಗಿ ರೋಗಿಗಳ ಎದುರಿಗೆ ಅವನ ಕೊರಳಪಟ್ಟಿ ಹಿಡಿದ. ಉಳವಪ್ಪನದು ಗಡಸು ದನಿ. ಪರರ ಹೆಂಡಿರ ಮುಂದೆ ದನಿ ಬೇರೆ ಆಗುತ್ತದೆ ಎಂದುಕೊಂಡ.

“ನಿಮ್ಮ ಜೀವಾ ಉಳೀಲಂತ ಬರತಿದ್ನಿರಿ ಸರ್,” ಎಂದಷ್ಟೇ ಹೇಳಿ ಉಳವಪ್ಪ ತಲೆ ತಗ್ಗಿಸಿದ. ಅದೇ ತಪ್ಪೊಪ್ಪಿಗೆ ಎಂದು ಸೋಮಲಿಂಗ ತಿಳಿದ.

ಮನೆಗೆ ಬಂದವನು ಬಾಗಿಲಲ್ಲೇ ನಿಂತು ಕೂಗಾಡಿದ. ಓಣಿಯವರು ಹೊರಗೆ ಬಂದು ನಿಂತರು. ಪ್ರಮಿಳಾಳಿಗೆ ಮೊದಲು ಏನೂ ತಿಳಿಯಲಿಲ್ಲ. ತಿಳಿದಾಗ ಅವಳ ಮುಖ ಬಿಳಿಚಿಕೊಂಡಿತು.

“ಅಂವ ಯಾರನ್ನೂದು ನನ್ನ ಬಾಯಿಂದ ಬರಂಗಿಲ್ಲ,” ಎಂದಳು. “ನಿಮಗ ಗೊತ್ತಾದ ದಿನಾ ನನ್ನ ಮಾರಿ ನೋಡಾಕ ನಿಮ್ಮ ಕಡಿಂದ ಆಗಂಗಿಲ್ಲ.”

ಒಂದು ಚೀಲ ತುಂಬಿಕೊಂಡು ತವರಿಗೆ ಹೊರಟಳು. ಹಕ್ಕಿಯನ್ನು ಒಯ್ಯಲು ಅವನು ಬಿಡಲಿಲ್ಲ.

ಖಾನಾಪುರದಲ್ಲಿ ಬಸ್ಸಿಳಿದು ಬಂದವರಿಗೆ ಮಾವ ಮಾಯಪ್ಪ ಕಾಲಿಗೆ ನೀರು ಕೊಟ್ಟು, “ಬರ್ರಿ, ಕುಂದರ್ರಿ” ಎಂದ. ಅಳಿಯ ಕೂಡಲಿಲ್ಲ. ಮದುವೆಯ ಮಾತುಕತೆ ನಡೆಸಿದ್ದ ಇಬ್ಬರು ಹಿರಿಯರನ್ನು ಅವನೇ ಹೇಳಿ ಕರೆಸಿದ್ದ. ಅವರು ಪಡಸಾಲೆಯ ಗೋಡೆಗೆ ಆತು ಕೂತಿದ್ದರು. ಒಳಬಾಗಿಲಲ್ಲಿ ಪ್ರಮಿಳಾ ನಿಂತಿದ್ದಳು, ಕಣ್ಣು ಕೆಂಪಾಗಿತ್ತು.

“ನಿಮ್ಮ ಮಗಳ ಗುಣಾ ನೀವ ಕೇಳ್ರಿ,” ಎನ್ನುತ್ತ ಸೋಮಲಿಂಗ ಬಟ್ಟೆ ಎಳೆದ.

ಮೈನಾ ಬೆಳಕಿಗೆ ಕಣ್ಣು ಪಿಳುಕಿಸಿತು. ರೆಕ್ಕೆ ಕೊಡವಿತು. ಆಮೇಲೆ ಆ ದನಿ ಪಡಸಾಲೆಯ ತುಂಬ ಹರಡಿತು.

“ಪಮ್ಮೀ... ನನ್ನ ಬಿಟ್ಟ ಹೋಗಬ್ಯಾಡ.”

“ಕೇಳಿದ್ರಿಲ್ಲ? ಈಗ ಹೇಳ್ರಿ, ಯಾರ ಇಂವ?”

ಹಿರಿಯರೊಬ್ಬರು ಕೆಮ್ಮಿ ಅಂಗಳದ ಕಡೆ ನೋಡಿದರು. ಮಾಯಪ್ಪ ಅಳಿಯನ ಮುಖವನ್ನೊಮ್ಮೆ ನೋಡಿ ಕಣ್ಣು ಕೆಳಗಿಳಿಸಿದ. ಅವರೆಲ್ಲರ ನಾಚಿಕೆ ಕಂಡು ಸೋಮಲಿಂಗನಿಗೆ ಗೆದ್ದಂತಾಯಿತು.

ಸಾತವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಬಾಯಿ ಮುಚ್ಚೋ ಸೋಮ್ಯಾ. ಅದು ನಿನ್ನ ದನಿ.”

ಅವನು ನಗಲು ಹೋದ. ನಗೆ ಹೊರಡಲಿಲ್ಲ. ಮನುಷ್ಯನಿಗೆ ತನ್ನ ಮಾತು ತಲೆಯ ಎಲುಬಿನೊಳಗಿಂದಲೂ ಕೇಳಿಸುತ್ತದೆ, ಅದರಿಂದ ದಪ್ಪಗೆ ಕೇಳುತ್ತದೆ. ಅದೇ ದನಿ ಹೊರಗಿನಿಂದ ಬಂದರೆ ಬೇರೆ ಯಾರದೋ ಎನಿಸುತ್ತದೆ. ಇದನ್ನೂ ಅವನೇ ಅಚ್ಚಿಗೆ ಕೊಟ್ಟಿದ್ದ. ಅಕ್ಷರದೋಷ ತಿದ್ದಿ ಮುಂದಿನ ಸಾಲಿಗೆ ಹೋಗಿದ್ದ.

ಪ್ರಮಿಳಾ ಹೊಸ್ತಿಲು ದಾಟಿ ಬಂದಳು. ಅವನು ನೆಲದಿಂದ ಕಣ್ಣು ಎತ್ತಲಿಲ್ಲ. ಅವಳು ಪಂಜರವನ್ನಷ್ಟೇ ಎತ್ತಿಕೊಂಡಳು.

“ಜ್ವರಾ ಇಳಿದ ಮ್ಯಾಲ ನೀವ ಮರತ್ರಿ,” ಎಂದಳು. “ಇದೊಂದ ನೆಪ್ಪ ಇಟಗೊಂಡಿತ್ತು.”