ಎಡಗಡೆಯ ಗಾಳಿ

ಕೀಮೋ ಮುಗಿಸಿಕೊಂಡು ಆಸ್ಪತ್ರೆಯಿಂದ ಹೊರಟು ಸ್ವಲ್ಪ ದೂರ ಬರುವಷ್ಟರಲ್ಲಿ ಮಂದಾಕಿನಿಯ ಕಡೆಯ ಎ.ಸಿ. ಮತ್ತೆ ನಿಂತುಹೋಯಿತು. ತಲೆಗೆ ಕಟ್ಟಿದ್ದ ಬಟ್ಟೆಯ ಕೆಳಗಿನಿಂದ ಬೆವರು ಇಳಿಯತೊಡಗಿತು. ಗಂಡನ ಕಡೆ ಮಾತ್ರ ಗಾಳಿ ತಣ್ಣಗೆ ಬೀಸುತ್ತಲೇ ಇತ್ತು.

"ಹೊಸಾ ಕಾರು, ಇದಕ್ಕೇನು ರೋಗ ಬಂತು!" ಎಂದು ಅವನು ಡ್ಯಾಶ್‌ಬೋರ್ಡಿಗೆ ಗುದ್ದಿದ.

"ಇರಲಿ ಬಿಡಿ, ಇನ್ನೇನು ಮನೆ ಬಂದುಬಿಡುತ್ತಲ್ಲ," ಎಂದಳು ಮಂದಾಕಿನಿ. ತನಗಾಗಿ ಅವನು ಇಷ್ಟು ಸಿಟ್ಟಾದದ್ದು ಕಂಡು ಅವಳಿಗೆ ಒಳಗೊಳಗೇ ಹಿತವೆನಿಸಿತು. ಕಾಯಿಲೆ ಬಿದ್ದ ಮೇಲೆ ಅವನು ಅವಳ ಪರವಾಗಿ ದನಿಯೆತ್ತಿದ್ದು ಇದೇ ಮೊದಲು.

"ಸುಮ್ನಿರು ಮಂದಾ, ಇವತ್ತು ಆ ಶೋರೂಮಿನವರ ನೀರಿಳಿಸ್ತೀನಿ."

ಅವನು ಕಾರಿನ ಸ್ಪೀಕರಿನಲ್ಲೇ ಶೋರೂಮಿಗೆ ಫೋನು ಹಚ್ಚಿ, ಎಡಗಡೆ ಗಾಳಿ ಬರುತ್ತಿಲ್ಲವೆಂದು ರೇಗಿದ.

"ಅದು ಕೆಟ್ಟಿರೋದಲ್ಲ ಸರ್," ಎಂದಿತು ಒಂದು ಹುಡುಗಿಯ ದನಿ. "ಕಂಪನಿಯವರೇ ಬೇಕಂತ ಹಾಗೆ ಮಾಡಿದ್ದಾರೆ. ಸೀಟು ಖಾಲಿ ಇದ್ರೆ ಆ ಕಡೆ ಗಾಳಿ ತಾನಾಗೇ ನಿಂತುಹೋಗುತ್ತೆ."

"ಖಾಲಿ ಎಲ್ರೀ ಇದೆ? ನನ್ನ ಹೆಂಡತಿ ಕೂತಿದ್ದಾಳಲ್ಲ!"

"ಕೂತವರ ತೂಕ ತೀರಾ ಕಮ್ಮಿ ಇದ್ರೆ ಅದಕ್ಕೆ ಗೊತ್ತಾಗಲ್ಲ ಸರ್."

ಮಂದಾಕಿನಿ ಸಡಿಲವಾದ ಬಳೆಗಳನ್ನು ಸೆರಗಿನಡಿ ಮುಚ್ಚಿಕೊಂಡಳು.

ಗಂಡನ ಪಿತ್ತ ನೆತ್ತಿಗೇರಿತು. "ಕಥೆ ಕಟ್ಬೇಡಿ! ನಿನ್ನೆ ಹಾಸನದಿಂದ ಒಬ್ಬನೇ ಬಂದೆ. ದಾರಿಯುದ್ದಕ್ಕೂ ಈ ಎಡಗಡೆ ಗಾಳಿ ಜೋರಾಗೇ ಬರ್ತಿತ್ತು. ಇವತ್ತೇನಾಯ್ತು ಅದಕ್ಕೆ?"

"ಒಬ್ಬರೇ ಇದ್ರೆ ಬರೋಕೆ ಸಾಧ್ಯಾನೇ ಇಲ್ಲ ಸರ್," ಎಂದಳು ಹುಡುಗಿ. "ನಿನ್ನೆ ಆ ಸೀಟಲ್ಲಿ ಯಾರೋ ಕೂತಿದ್ರು."