ಆರು ಹತ್ತರ ನೀರು

ಮಾವ ಇವತ್ತೂ ಹೊರಟ. ಬೆಳಗಿನ ಆರು ಗಂಟೆ ಐದು ನಿಮಿಷ. ಹೊರಗೆ ಸೊನ್ನೆಗಿಂತ ಇಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿ. ಮುಂಬಾಗಿಲು ಮುಚ್ಚಿದ್ದೇ ತಡ, ಗಾರ್ತ್ ಪೈಜಾಮದ ಮೇಲೆಯೇ ದಪ್ಪ ಕೋಟು ಏರಿಸಿಕೊಂಡು ಹಿಂದೆ ಬಿದ್ದ. ಸ್ನಾನ ಆಮೇಲೆ ನೋಡಿಕೊಂಡರಾಯಿತು.

ಕೋಟಿನ ಜೇಬಿನಲ್ಲಿ ವೃದ್ಧಾಶ್ರಮದ ಅರ್ಜಿಯಿತ್ತು. ಹೆಂಡತಿ ಒಕ್ಸಾನಾ ನಿನ್ನೆ ಸಹಿ ಹಾಕಿ, ಅತ್ತು, ಊಟ ಬಿಟ್ಟು ಮಲಗಿದ್ದಳು. ಇವತ್ತು ಮಧ್ಯಾಹ್ನದೊಳಗೆ ಕೊಡದಿದ್ದರೆ ಅಲ್ಲಿ ಖಾಲಿಯಿರುವ ಒಂದೇ ಕೋಣೆ ಬೇರೆಯವರ ಪಾಲಾಗುತ್ತಿತ್ತು.

"ಅಪ್ಪನಿಗೆ ಮರೆವು ಶುರುವಾಗಿದೆ," ಎಂದಿದ್ದಳು. "ಈ ಚಳೀಲಿ ಯಾರಾದ್ರೂ ತಿರುಗಾಡೋಕೆ ಹೋಗ್ತಾರಾ? ಕೇಳಿದ್ರೆ ಡೋನಟ್ ತರೋಕೆ ಅಂತಾರೆ. ತನಗೆ ಸಕ್ಕರೆ ಕಾಯಿಲೆ ಇರೋದೂ ನೆನಪಿಲ್ಲ. ಒಂದಿನ ಹಿಮದಲ್ಲಿ ಬಿದ್ದು ಹೆಣವಾಗಿ ಸಿಗ್ತಾರೆ ಅಷ್ಟೆ."

ಅವಳು ಹೇಳುವುದರಲ್ಲೂ ನಿಜವಿತ್ತು. ದಿನಾ ಅಡುಗೆಮನೆ ಮೇಜಿನ ಮೇಲೆ ಒಂದು ಡೋನಟ್ಟಿನ ಪೊಟ್ಟಣ ಬಂದು ಕೂರುತ್ತಿತ್ತು. ತಂದವನು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಶಾಲೆಯ ಬಸ್ಸು ಓಡಿಸುವ ಗಾರ್ತನೇ ಕೆಲಸಕ್ಕೆ ಹೋಗುವ ಮುಂಚೆ ತಿಂದು ಮುಗಿಸುತ್ತಿದ್ದ.

ಬೀದಿದೀಪದ ಕೆಳಗೆ ಮಾವ ತಾರಸ್ ಬಿರಬಿರನೆ ನಡೆಯುತ್ತಿದ್ದ. ಎಪ್ಪತ್ತೊಂಬತ್ತು ವರ್ಷದವನಿಗೆ ಇಷ್ಟು ಅವಸರ ಯಾಕೋ. ಎಡವಿ ಬಿದ್ದಾನೆಂದು ಗಾರ್ತನಿಗೆ ಭಯವಾಯಿತು. ಎರಡು ವಾರದ ಹಿಂದೆ ಈ ಭಯ ಇರಲಿಲ್ಲ, ಬರೀ ಕೋಪವಿತ್ತು.

ಆಗಿನ ಜಗಳವೆಲ್ಲ ಬಚ್ಚಲಿನದು. ಮನೆಗೆ ಮೂರು ಬಚ್ಚಲು, ಮೂರಕ್ಕೂ ಹಳೇ ಕಾಲದ ಒಂದೇ ಸಣ್ಣ ಪೈಪು. ಆರು ಗಂಟೆಗೆ ಗಾರ್ತ್ ಕೆಳಗೆ ಶವರಿನಡಿ ನಿಂತರೆ, ಆರು ಹತ್ತಕ್ಕೆ ಸರಿಯಾಗಿ ಮಾವ ಮೇಲೆ ಫ್ಲಷ್ ಒತ್ತುತ್ತಿದ್ದ. ತಣ್ಣೀರೆಲ್ಲ ಅತ್ತ ಓಡಿ, ಇತ್ತ ಗಾರ್ತನ ಮೈಮೇಲೆ ಕುದಿನೀರು ಬೀಳುತ್ತಿತ್ತು. ಒಮ್ಮೆ ಭುಜದ ಚರ್ಮ ಸುಲಿದೇ ಹೋಯಿತು.

"ಇಪ್ಪತ್ತು ನಿಮಿಷ ತಡ್ಕೊಳ್ಳೋಕೆ ಆಗಲ್ವಾ ನಿಮಗೆ?"

"ನಲವತ್ತು ವರ್ಷ ರೈಲು ಓಡಿಸಿದ ಹೊಟ್ಟೆ ಇದು. ಆರು ಹತ್ತು ಅಂದ್ರೆ ಆರು ಹತ್ತು."

"ಹಾಗಾದ್ರೆ ಫ್ಲಷ್ ಒತ್ತದೆ ಎದ್ದು ಬನ್ನಿ."

"ನಾನೇನು ದನವಾ?"

"ಈ ಮನೇಲಿ ನೀವಿರಬೇಕು, ಇಲ್ಲ ನಾನಿರಬೇಕು," ಎಂದುಬಿಟ್ಟಿದ್ದ ಗಾರ್ತ್. ಸಿಟ್ಟಿನಲ್ಲಿ ಬಂದ ಮಾತು. ಮುದುಕ ತಲೆ ತಗ್ಗಿಸಿಕೊಂಡು ಮೇಲೆ ಹೋಗಿದ್ದ. ಆಮೇಲೆ ಮೂರು ದಿನ ಮಾವ ಅಳಿಯನ ನಡುವೆ ಮಾತಿಲ್ಲ.

ಗಾರ್ತ್ ಮಾವನಿಗೆ ಹೇಳದೆಯೇ ಪ್ಲಂಬರ್ ಲಾರ್ನ್‌ನನ್ನು ಕರೆಸಿದ. ಒತ್ತಡ ಏರುಪೇರಾದರೂ ನೀರಿನ ಬಿಸಿ ಬದಲಾಗದಂತೆ ಕಾಯುವ ಒಂದು ವಾಲ್ವು ಬರುತ್ತದಂತೆ. ಗೋಡೆಯೊಳಗೆ ಕೂರುತ್ತದೆ, ಹೊರಗೇನೂ ಕಾಣುವುದಿಲ್ಲ. "ಸೋಮವಾರ ಬಂದು ಹಾಕ್ತೀನಿ, ಬೀಗದಕೈ ಕುಂಡದ ಕೆಳಗಿಡಿ," ಎಂದ ಲಾರ್ನ್. ಮಂಗಳವಾರ ಬೆಳಿಗ್ಗೆ ಆರು ಹತ್ತಾಯಿತು, ಆರೂಕಾಲಾಯಿತು, ನೀರು ಹದವಾಗಿಯೇ ಸುರಿಯಿತು. ಗಾರ್ತ್ ಸುಮ್ಮನೆ ಐದು ನಿಮಿಷ ಹೆಚ್ಚು ನಿಂತ.

ಆ ದಿನ ಮಾವನೇ ಮೊದಲು ಮಾತಾಡಿಸಿದ. "ನೀರು ಹದವಾಗಿ ಬಂತಾ?"

"ಬಂತು. ಇನ್ನು ತೊಂದರೆ ಇಲ್ಲ."

"ಇರಲ್ಲ ಬಿಡು," ಎಂದು ಮುದುಕ ಡೋನಟ್ಟನ್ನು ಅವನತ್ತ ತಳ್ಳಿದ್ದ. ಅವತ್ತೇ ಈ ತಿರುಗಾಟವೂ ಶುರುವಾದದ್ದು. ಒಂದು ಪೀಡೆ ತೊಲಗಿತು ಅನ್ನುವಷ್ಟರಲ್ಲಿ ಇನ್ನೊಂದು ವಕ್ಕರಿಸಿತ್ತು.

ಮೂಲೆಯ ಡೋನಟ್ ಅಂಗಡಿಯ ಬಾಗಿಲು ತಳ್ಳಿ ಮಾವ ಒಳಗೆ ಹೋದ. ಗಾರ್ತ್ ಐದು ನಿಮಿಷ ಹೊರಗೇ ಕಾದು, ಚಳಿ ತಡೆಯಲಾರದೆ ತಾನೂ ನುಗ್ಗಿದ. ಮೇಜುಗಳೆಲ್ಲ ಖಾಲಿ. ಕೌಂಟರಿನ ಮೇಲೆ ಒಂದು ಪೊಟ್ಟಣ. ಪಕ್ಕದ ಗೋಡೆಯಲ್ಲಿ 'ಗಿರಾಕಿಗಳಿಗೆ ಮಾತ್ರ' ಎಂಬ ಫಲಕ, ಅದರಡಿ ಬರೀ ಒಂದು ಮೊಳೆ.

"ಈಗ ಒಬ್ಬರು ತಾತ ಬಂದ್ರಲ್ಲ?" ಎಂದು ಕೌಂಟರಿನ ಹುಡುಗಿಯನ್ನು ಕೇಳಿದ.

"ದಿನಾ ಬರ್ತಾರೆ. ಓಡ್ಕೊಂಡೇ ಬರೋದು. ಮೊದಲು ಡೋನಟ್ ಕೊಡು ಅಂತಾರೆ. ಕೊಂಡು ಇಲ್ಲೇ ಇಟ್ಟು ಹೋಗ್ತಾರೆ, ಆಮೇಲೆ ಬಂದು ತಗೊಳ್ತಾರೆ."

"ದಾರಿ ಗೀರಿ ತಪ್ಪಿದ ಹಾಗೆ ಕಾಣ್ತಾರಾ?"

ಹುಡುಗಿ ನಕ್ಕಳು. "ಎಲ್ಲಿಗೆ ಹೋಗ್ಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು."

ಗಾರ್ತನ ಫೋನು ಬಡಿದುಕೊಂಡಿತು. ಲಾರ್ನ್. ನಸುಕಿಗೇ ಎದ್ದು ಕೆಲಸಕ್ಕಿಳಿಯುವ ಮನುಷ್ಯ.

"ಬೈಬೇಡಿ ಸ್ವಾಮಿ," ಎಂದ. "ಈ ಚಳಿಗೆ ಊರಲ್ಲೆಲ್ಲ ಪೈಪು ಒಡೆದು ಕೂತಿವೆ. ಆ ಸೋಮವಾರ ನಿಮ್ಮನೆ ಕಡೆ ತಲೆ ಹಾಕೋಕೂ ಆಗ್ಲಿಲ್ಲ. ನಿಮ್ಮ ವಾಲ್ವು ನಿನ್ನೆ ತಾನೇ ಕೈ ಸೇರ್ತು. ಇವತ್ತು ಬಂದು ಹಾಕ್ಲಾ? ಎರಡು ವಾರದಿಂದ ಬೇಯ್ತಾ ಇದ್ದೀರೇನೋ, ಪಾಪ."

ಹಾಕಿಯೇ ಇಲ್ಲ. ಹಾಗಾದರೆ ಇಷ್ಟು ದಿನ ನೀರು ಹದವಾಗಿ ಬಂದದ್ದು ಹೇಗೆ?

ಅಂಗಡಿಯ ಹಿಂಬದಿಯ ಬಾಗಿಲು ತೆರೆಯಿತು. ಉದ್ದನೆಯ ಮರದ ಸೌಟಿಗೆ ಕಟ್ಟಿದ್ದ ಟಾಯ್ಲೆಟ್ಟಿನ ಬೀಗದಕೈಯನ್ನು ಮೊಳೆಗೆ ತಗುಲಿಹಾಕಿ ತಿರುಗಿದ ಮಾವ, ಎದುರಿಗೆ ಅಳಿಯನನ್ನು ಕಂಡು ಬಿಳಿಚಿಕೊಂಡ.

"ಯಾಕೆ ಗಾರ್ತ್, ಇವತ್ತು ನೀರು ಸುಡ್ತಾ? ನಾನು ಇಲ್ಲಿಗೇ ಬಂದಿದ್ನಲ್ಲ."